ಕೊಡಗಿನ ಕಾಫಿ, ಬ್ರಿಟಿಷ್ ಹಡಗು ಮತ್ತು ಮರೆತುಹೋದ ಖಲಾಸಿಗಳು

ಕೊಡಗು ಜಿಲ್ಲೆಗೆ ಸಮುದ್ರ ತೀರವಿಲ್ಲ. ಆದರೂ ಈ ಜಿಲ್ಲೆಯ ಮುಖ್ಯ ಬೆಳೆಯ ಮಾರುಕಟ್ಟೆ ಒಂದೂವರೆ ಶತಮಾನಕ್ಕೂ ಮೀರಿ ಸಮುದ್ರ ಮಾರ್ಗವನ್ನೇ ನಂಬಿಕೊಂಡಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಇಲ್ಲಿನ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದನು. ಅಲ್ಲಿಂದ ಮುಂದೆ ಸಂಪಾಜೆ ಘಾಟಿಯಿಂದಿಳಿದು ಮಂಗಳೂರಿಗೂ, ವಿರಾಜಪೇಟೆ–ಮಾಕುಟ್ಟದ ಹಾದಿಯಿಂದ ತಲಚೇರಿಗೂ ಕಾಫಿ ಹೇರಿದ ಎತ್ತಿನ ಗಾಡಿಗಳು ಸಾಗತೊಡಗಿದವು. ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಪ್ಪೆ ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿ, ದರ್ಜೆವಾರು ವಿಂಗಡಿಸಿ, ಗೋಣಿಚೀಲಗಳಲ್ಲಿ ತುಂಬಿದ ಬೀಜವು ಅಲ್ಲಿಂದ ಲಂಡನ್ನಿನ ಹರಾಜುಕಟ್ಟೆಯನ್ನು ಸೇರುತ್ತಿತ್ತು.

ಈ ವ್ಯವಹಾರದಲ್ಲಿ ಪಾಲುಗೊಂಡವರ ಪೈಕಿ ತೋಟದ ಮಾಲೀಕ, ವರ್ತಕ, ಕ್ಯೂರಿಂಗ್ ಸಂಸ್ಥೆ, ಹಡಗು ಕಂಪನಿಯ ಏಜೆಂಟ್, ವಿಮಾ ಕಂಪನಿ ಇವರೆಲ್ಲರ ಹೆಸರೂ ಹಳೆಯ ಕಡತಗಳಲ್ಲಿ ದೊರೆಯುತ್ತವೆ. ಸರಕನ್ನು ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಾಪಾಡಿಕೊಂಡು ಹೋದ ನಾವಿಕನ ಹೆಸರು ಮಾತ್ರ ವ್ಯಾಪಾರದ ಯಾವ ಪುಸ್ತಕದಲ್ಲೂ ಕಾಣಬರುವುದಿಲ್ಲ. ಆತನ ಕೂಲಿಯು ‘ಹಡಗು ಬಾಡಿಗೆ’ ಎಂಬ ಒಂದೇ ಕಲಮಿನೊಳಗೆ ಅಡಗಿರುತ್ತದೆ. ಬ್ರಿಟಿಷ್ ವಾಣಿಜ್ಯ ನೌಕಾದಳದ ಆ ಭಾರತೀಯ ನಾವಿಕರು ಯಾರು, ಅವರ ಬದುಕು ಹೇಗಿತ್ತು, ಇಂದಿನ ರಫ್ತುದಾರನು ಅವರನ್ನು ಏಕೆ ನೆನೆಯಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಧಕ್ಕೆಯಿಂದ ಲಂಡನ್ನಿನವರೆಗೆ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯಲ್ಲಿದೆ. ಅಳಿವೆಯ ಬಾಯಲ್ಲಿ ನೀರಿನ ಆಳ ಕಡಿಮೆ. ಆದ್ದರಿಂದ ದೊಡ್ಡ ಹಡಗುಗಳು ಧಕ್ಕೆಯವರೆಗೆ ಬರಲಾಗದೆ ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಕಾಫಿಯ ಚೀಲಗಳನ್ನು ಮಂಜಿಗಳಲ್ಲಿ ಹೇರಿ ಹಡಗಿನ ಮಗ್ಗುಲಿಗೆ ಒಯ್ದು ಮೇಲೆತ್ತಬೇಕಾಗಿತ್ತು. ಮುಂಗಾರು ಆರಂಭವಾಯಿತೆಂದರೆ ಈ ಕೆಲಸವೂ ನಿಲ್ಲುತ್ತಿತ್ತು. ಕೊಡಗಿನಲ್ಲಿ ಚಳಿಗಾಲದಲ್ಲಿ ಕೊಯ್ದ ಕಾಫಿಯನ್ನು ಮೇ ತಿಂಗಳೊಳಗೆ ಹಡಗಿಗೇರಿಸಲೇಬೇಕೆಂಬ ಧಾವಂತಕ್ಕೆ ಇದೇ ಕಾರಣ. ಎಲ್ಲ ಋತುಗಳಲ್ಲಿಯೂ ಹಡಗು ನಿಲ್ಲಬಲ್ಲ ನವಮಂಗಳೂರು ಬಂದರನ್ನು ದೇಶದ ಪ್ರಮುಖ ಬಂದರೆಂದು ಘೋಷಿಸಿದ್ದು 1974ರಲ್ಲಿ. ಅದು ಉದ್ಘಾಟನೆಗೊಂಡದ್ದು 1975ರ ಜನವರಿಯಲ್ಲಿ.

ಹಾಯಿ ಹಡಗುಗಳ ಕಾಲದಲ್ಲಿ ಮಲಬಾರ್ ತೀರದಿಂದ ಹೊರಟ ಕಾಫಿಯು ಆಫ್ರಿಕದ ದಕ್ಷಿಣ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತಿ ಯುರೋಪನ್ನು ತಲಪಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟು ಕಾಲ ಹಡಗಿನ ಹೊಟ್ಟೆಯಲ್ಲಿ ತೇವದ ಗಾಳಿಯನ್ನುಂಡ ಬೀಜ ಉಬ್ಬಿ, ಹಸಿರು ಬಣ್ಣ ಕಳೆದು ಹಳದಿಯಾಗಿ, ಹುಳಿ ತಗ್ಗಿ ಬೇರೆಯೇ ರುಚಿಯನ್ನು ಪಡೆಯುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಹೆಚ್ಚಿದ ಮೇಲೆ ಪ್ರಯಾಣದ ಅವಧಿ ವಾರಗಳಿಗೆ ಇಳಿಯಿತು. ಆಗ ಯುರೋಪಿನ ಕೆಲವು ಗಿರಾಕಿಗಳು ಹಳೆಯ ರುಚಿಯೇ ಬೇಕೆಂದರು. ಅವರಿಗಾಗಿ ಕರಾವಳಿಯ ಗೋದಾಮುಗಳಲ್ಲಿ ಕಾಫಿಯನ್ನು ಮುಂಗಾರಿನ ಗಾಳಿಗೆ ಹರಡಿ ಹದಗೊಳಿಸುವ ಪದ್ಧತಿ ರೂಢಿಗೆ ಬಂದಿತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ‘ಮಾನ್ಸೂನ್ಡ್ ಮಲಬಾರ್’ ಕಾಫಿಯ ಮೂಲ ಇದು. ಒಂದು ಸರಕಿನ ಗುಣವನ್ನೇ ಹಡಗಿನ ಪ್ರಯಾಣ ರೂಪಿಸಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಹಡಗಿನೊಳಗಿನ ಊರು

ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರನ್ನು ‘ಲಸ್ಕರ್’ ಎಂದು ಕರೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬಳಕೆಯಲ್ಲಿರುವ ‘ಖಲಾಸಿ’ ಎಂಬ ಪದ ಇದೇ ವೃತ್ತಿಗೆ ಸೇರಿದ್ದು. 1914ರಲ್ಲಿ ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿದ್ದ ಲಸ್ಕರರ ಸಂಖ್ಯೆ 51 ಸಾವಿರವನ್ನು ಮೀರಿತ್ತು. ಇದು ಒಟ್ಟು ನಾವಿಕರಲ್ಲಿ ಸುಮಾರು ಶೇ. 17ರಷ್ಟು. 1938ರ ವೇಳೆಗೆ ಈ ಪ್ರಮಾಣ ಶೇ. 26ಕ್ಕೆ ಏರಿತು. ಅಂದರೆ ಬ್ರಿಟನ್ನಿನ ಧ್ವಜ ಹಾರಿಸುತ್ತಿದ್ದ ಹಡಗುಗಳ ನಾವಿಕರಲ್ಲಿ ನಾಲ್ವರಿಗೊಬ್ಬನು ಭಾರತದಿಂದ ಹೋದವನು. ಪಿ. ಅಂಡ್ ಓ., ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್, ಕ್ಲಾನ್ ಲೈನ್, ಎಲ್ಲರ್ಮನ್ ಮೊದಲಾದ ಕಂಪನಿಗಳ ಹಡಗುಗಳು ಇವರನ್ನು ನಂಬಿ ಸಾಗುತ್ತಿದ್ದವು.

ಹಡಗಿನ ಕೆಲಸದಲ್ಲಿ ಮೂರು ವಿಭಾಗಗಳಿದ್ದವು. ಮೇಲ್ಕಟ್ಟಿನ ಕೆಲಸ ಒಂದು, ಎಂಜಿನ್ ಕೋಣೆಯದು ಇನ್ನೊಂದು, ಅಡುಗೆ ಮತ್ತು ಉಪಚಾರದ್ದು ಮೂರನೆಯದು. ಮೇಲ್ಕಟ್ಟಿನ ಕೆಲಸಕ್ಕೆ ಗುಜರಾತ್, ರತ್ನಾಗಿರಿ, ಮಲಬಾರ್ ಮೊದಲಾದ ಕರಾವಳಿಯವರು, ಕಲ್ಕತ್ತೆಯಿಂದ ಹೊರಡುವ ಹಡಗುಗಳ ಎಂಜಿನ್ ಕೋಣೆಗೆ ಸಿಲ್ಹೆಟ್ ಜಿಲ್ಲೆಯವರು, ಉಪಚಾರಕ್ಕೆ ಗೋವೆಯವರು ಹೆಚ್ಚಾಗಿ ಸೇರುತ್ತಿದ್ದರು. ಮುಖಂಡನಿಗೆ ಸೆರಾಂಗ್ ಎಂದೂ, ಅವನ ಕೈಕೆಳಗಿನವನಿಗೆ ಟಿಂಡಾಲ್ ಎಂದೂ, ಚುಕ್ಕಾಣಿ ಹಿಡಿಯುವವನಿಗೆ ಸುಖಾಣಿ ಎಂದೂ, ಉಗ್ರಾಣ ನೋಡಿಕೊಳ್ಳುವವನಿಗೆ ಕಸಬ್ ಎಂದೂ, ಅಡುಗೆಯವನಿಗೆ ಭಂಡಾರಿ ಎಂದೂ ಹೆಸರು. ಬಾಯ್ಲರಿಗೆ ಬೆಂಕಿ ಹಾಕುವವನು ಆಗ್‌ವಾಲಾ. ಅವನಿಗೆ ಕಲ್ಲಿದ್ದಲು ತಳ್ಳಿ ಕೊಡುವವನು ಕೋಯ್ಲಾವಾಲಾ. ಯಂತ್ರಕ್ಕೆ ಎಣ್ಣೆ ಹಾಕುವವನು ತೇಲ್‌ವಾಲಾ.

ಇವರ ನಡುವಿನ ಮಾತು ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಇಂಗ್ಲಿಷ್ ಪದಗಳು ಬೆರೆತ ಲಸ್ಕರಿ ಎಂಬ ಕಡಲ ನುಡಿ. ಹಡಗಿನ ಬ್ರಿಟಿಷ್ ಅಧಿಕಾರಿಗಳಿಗೆ ಅದನ್ನು ಕಲಿಯುವುದು ಅನಿವಾರ್ಯವಾಗಿತ್ತು. ಅವರ ಉಪಯೋಗಕ್ಕಾಗಿ ಥಾಮಸ್ ರೋಬಕ್ ಎಂಬ ಸೇನಾಧಿಕಾರಿ ಸಿದ್ಧಪಡಿಸಿದ ನೌಕಾ ಪದಕೋಶವು 1811ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಅಚ್ಚಾಗಿತ್ತು.

ಸೆರಾಂಗನು ತನ್ನ ತಂಡಕ್ಕೆ ಬೇಕಾದವರನ್ನು ಸಾಮಾನ್ಯವಾಗಿ ತನ್ನ ಊರಿನಿಂದಲೇ ಕರೆತರುತ್ತಿದ್ದನು. ತಮ್ಮ, ಅಳಿಯ, ನೆರೆಮನೆಯ ಹುಡುಗ ಹೀಗೆ ಒಂದೇ ಹಡಗಿನಲ್ಲಿ ಒಂದು ಊರಿನ ಹತ್ತಾರು ಮಂದಿ ಇರುತ್ತಿದ್ದರು. ಆದ್ದರಿಂದ ಜೊತೆಗಾರನೆಂದರೆ ನಾವಿಕನಿಗೆ ಕೇವಲ ಸಹೋದ್ಯೋಗಿಯಲ್ಲ. ಬಂಧು, ಸಾಲ ಕೊಟ್ಟವನು, ಮನೆಗೆ ಸುದ್ದಿ ಮುಟ್ಟಿಸುವವನು ಎಲ್ಲವೂ ಆಗಿದ್ದನು. ನಾಲ್ಕು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು ಎಂಬ ಪಾಳಿಯ ಲೆಕ್ಕದಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಅನ್ನ, ಬೇಳೆ, ಒಣಮೀನುಗಳ ಊಟವನ್ನು ಆಯಾ ತಂಡದ ಭಂಡಾರಿ ಅವರವರ ಮತಾಚಾರಕ್ಕೆ ತಕ್ಕಂತೆ ಬೇಯಿಸುತ್ತಿದ್ದನು. ಬ್ರಿಟನ್ನಿನಲ್ಲಿ ನೆಲೆಸಿದ ಸಿಲ್ಹೆಟ್ಟಿನ ಹಿರಿಯ ನಾವಿಕರ ನೆನಪುಗಳನ್ನು ಕ್ಯಾರೊಲಿನ್ ಆ್ಯಡಮ್ಸ್ ಎಂಬವರು ಸಂಗ್ರಹಿಸಿ 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹಡಗಿನ ಮಂದಿಯ ಬಾಯಿಂದಲೇ ಬಂದ ಇಂತಹ ದಾಖಲೆಗಳು ಬಹು ವಿರಳ.

ತೋಟದ ಮೇಸ್ತ್ರಿ, ಹಡಗಿನ ಸೆರಾಂಗ್

ಕೊಡಗಿನ ತೋಟಗಳ ಇತಿಹಾಸ ಬಲ್ಲವರಿಗೆ ಈ ವ್ಯವಸ್ಥೆ ಹೊಸದೆನಿಸಲಾರದು. ತೋಟಕ್ಕೆ ಆಳುಗಳನ್ನು ಘಟ್ಟದ ಕೆಳಗಿನಿಂದಲೂ ಮೈಸೂರು ಸೀಮೆಯಿಂದಲೂ ಕರೆತರುತ್ತಿದ್ದವನು ಮೇಸ್ತ್ರಿ. ಮಾಲೀಕನು ಮೇಸ್ತ್ರಿಗೆ ಮುಂಗಡ ಕೊಡುವುದು, ಮೇಸ್ತ್ರಿಯು ಆಳಿಗೆ ಮುಂಗಡ ಕೊಡುವುದು, ಆಳು ಆ ಸಾಲ ತೀರುವವರೆಗೆ ದುಡಿಯುವುದು ಅಂದಿನ ಪದ್ಧತಿ. ಬಂದರಿನಲ್ಲಿ ಸೆರಾಂಗನೂ, ಅವನ ಹಿಂದೆ ಇರುತ್ತಿದ್ದ ನೇಮಕದ ದಲ್ಲಾಳಿಯೂ ಮಾಡುತ್ತಿದ್ದುದು ಇದನ್ನೇ. ಹಡಗು ಸಿಗುವವರೆಗೆ ನಾವಿಕನು ಬಂದರಿನ ವಸತಿಗೃಹದಲ್ಲಿ ಸಾಲದ ಮೇಲೆ ಉಣ್ಣಬೇಕು. ಕೆಲಸ ಸಿಕ್ಕಿದ ಮೇಲೆ ಸಂಬಳದ ಒಂದು ಪಾಲು ದಲ್ಲಾಳಿಯ ಕೈಸೇರಬೇಕು. ಈ ಲಂಚದ ಹಾವಳಿಯನ್ನು ಪರಿಶೀಲಿಸಲು ನೇಮಕವಾದ ಸರಕಾರಿ ಸಮಿತಿಯೊಂದು 1922ರಲ್ಲಿ ವರದಿ ನೀಡಿದರೂ ದಲ್ಲಾಳಿಗಳು ಬಹುಕಾಲ ಉಳಿದರು. ಹೀಗೆ ಕೊಡಗಿನಲ್ಲಿ ಕಾಫಿ ಕೊಯ್ದವನೂ, ಅದನ್ನು ಕಡಲಾಚೆಗೆ ಒಯ್ದವನೂ ಒಂದೇ ಬಗೆಯ ಮುಂಗಡದ ಹಗ್ಗಕ್ಕೆ ಕಟ್ಟುಬಿದ್ದಿದ್ದರು.

ಹಡಗು ಕಂಪನಿಗಳು ಲಸ್ಕರರನ್ನು ಆಯ್ದುಕೊಂಡದ್ದು ಲೆಕ್ಕಾಚಾರದಿಂದಲೇ. ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನ ಸಂಬಳದ ಮೂರನೆಯ ಒಂದರಿಂದ ಐದನೆಯ ಒಂದು ಪಾಲು ಮಾತ್ರ ಭಾರತೀಯನಿಗೆ ಸಿಗುತ್ತಿತ್ತು. ವಾಸದ ಜಾಗದಲ್ಲಿಯೂ ತಾರತಮ್ಯವಿತ್ತು. 1906ರ ಕಾಯಿದೆಯಂತೆ ಬ್ರಿಟಿಷ್ ನಾವಿಕನೊಬ್ಬನಿಗೆ 120 ಘನ ಅಡಿ ಸ್ಥಳ ಕಡ್ಡಾಯವಾದರೆ, ಲಸ್ಕರನಿಗೆ ನಿಗದಿಯಾದದ್ದು 36 ಘನ ಅಡಿ. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರವೆಂದು ಗುಣಿಸಿದರೆ ಈ ಅಳತೆಯ ಅರ್ಥ ಸ್ಪಷ್ಟವಾಗುತ್ತದೆ. ಅವರ ಕರಾರುಪತ್ರವೂ ಪ್ರತ್ಯೇಕ. ಬ್ರಿಟನ್ನಿನ ಬಂದರಿನಲ್ಲಿ ಕೆಲಸ ಬಿಡುವ ಹಕ್ಕು ಅವರಿಗಿರಲಿಲ್ಲ. ಕರಾರು ಮುಗಿಸಿ ಭಾರತಕ್ಕೇ ಮರಳಬೇಕಿತ್ತು. ಹಡಗು ತಪ್ಪಿ ಲಂಡನ್ನಿನ ಬೀದಿಪಾಲಾದವರಿಗಾಗಿ 1857ರಲ್ಲಿ ಲೈಮ್‌ಹೌಸ್ ಪ್ರದೇಶದಲ್ಲಿ ಒಂದು ಆಶ್ರಯಗೃಹ ತೆರೆಯಬೇಕಾಯಿತು.

ಭಾರತೀಯರಿಗೆ ಹಡಗಿನ ಅಧಿಕಾರಿಗಳಾಗುವ ತರಬೇತಿಯ ದಾರಿ ತೆರೆದದ್ದು 1927ರಲ್ಲಿ, ಮುಂಬಯಿಯಲ್ಲಿ ‘ಡಫರಿನ್’ ತರಬೇತಿ ಹಡಗು ಆರಂಭವಾದಾಗ. ಅದಕ್ಕೂ ಎಂಟು ವರ್ಷ ಮೊದಲು, 1919ರ ಏಪ್ರಿಲ್ 5ರಂದು, ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತ್ತು. ಅದರ ನೆನಪಿಗಾಗಿ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸಲಾಗುತ್ತದೆ. ವರ್ತಕರೇ ಹಡಗಿನ ಒಡೆಯರಾಗಬೇಕೆಂಬ ಆ ಪ್ರಯತ್ನ ನಮ್ಮ ವಾಣಿಜ್ಯ ಚರಿತ್ರೆಯ ಹೆಮ್ಮೆಯ ಅಧ್ಯಾಯ.

ನಾವಿಕನ ಸೇವೆಗೆ ಉಳಿಯುತ್ತಿದ್ದ ಕಾಗದದ ಸಾಕ್ಷಿಯೆಂದರೆ ಅವನ ಸೇವಾ ಪುಸ್ತಕ. ಹಡಗಿನ ಹೆಸರು, ಸೇರಿದ ದಿನ, ಬಿಟ್ಟ ದಿನ, ಕೆಲಸ ಮತ್ತು ನಡತೆಯ ಬಗ್ಗೆ ಕಪ್ತಾನನ ಮುದ್ರೆ ಇಷ್ಟೇ ಅದರಲ್ಲಿರುತ್ತಿತ್ತು. ‘ಬಹಳ ಉತ್ತಮ’ ಎಂಬ ಮುದ್ರೆ ಬಿದ್ದರೆ ಮುಂದಿನ ಹಡಗು ಸುಲಭ. ಅಭಿಪ್ರಾಯ ಹೇಳಲು ಕಪ್ತಾನನು ನಿರಾಕರಿಸಿದನೆಂದು ನಮೂದಾದರೆ ಅನ್ನಕ್ಕೇ ಸಂಚಕಾರ. ಜೊತೆಗಿದ್ದವರ ಹೆಸರಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

ಅಂಕೋಲೆಯ ಕವಿ ಬರೆದಿಟ್ಟ ದಾಖಲೆ

ಈ ನಾವಿಕರ ಸ್ಥಿತಿಗತಿಯನ್ನು ಶ್ರದ್ಧೆಯಿಂದ ಅಭ್ಯಸಿಸಿ ಲೋಕದ ಮುಂದಿಟ್ಟವರಲ್ಲಿ ಒಬ್ಬ ಕನ್ನಡಿಗರಿದ್ದಾರೆ ಎಂಬುದು ಹಲವರಿಗೆ ತಿಳಿದಿಲ್ಲ. ಅವರು ಚುಟುಕು ಕವಿ ದಿನಕರ ದೇಸಾಯಿ. ಉತ್ತರ ಕನ್ನಡದ ಅಂಕೋಲೆಯ ಬಳಿಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜವನ್ನು ಸೇರಿ, ನಾವಿಕರ ಸಂಘಟನೆಯಲ್ಲಿ ದುಡಿದರು. ಭಾರತದ ನಾವಿಕ ಕಾರ್ಮಿಕರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1940ರಲ್ಲಿ ಪ್ರಕಟವಾಯಿತು. ಈ ವಿಷಯದ ಅಧ್ಯಯನಕ್ಕೆ ಇಂದಿಗೂ ಸಂಶೋಧಕರು ಆ ಗ್ರಂಥದ ಮೊರೆ ಹೋಗುತ್ತಾರೆ. ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆ ಕಾಲೇಜುಗಳನ್ನು ತೆರೆದ, 1967ರಲ್ಲಿ ಲೋಕಸಭೆಗೆ ಆಯ್ಕೆಯಾದ ಈ ಕವಿ, ಕಡಲ ಕಾರ್ಮಿಕರ ಕೂಲಿಯ ಲೆಕ್ಕವನ್ನೂ ಬರೆದಿಟ್ಟರೆಂಬುದು ಕನ್ನಡ ನಾಡಿನ ವ್ಯಾಪಾರಿಗಳು ನೆನೆಯಬೇಕಾದ ಸಂಗತಿ.

ಯುದ್ಧ ಕಲಿಸಿದ ಪಾಠ

ಕೊಡಗು ಸೈನ್ಯಕ್ಕೆ ಹೆಸರಾದ ನಾಡು. ಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣೆ ಇಲ್ಲಿನ ಮನೆಮನೆಯಲ್ಲಿದೆ. ಆದರೆ ಅದೇ ಯುದ್ಧಗಳಲ್ಲಿ ಆಯುಧ ಹಿಡಿಯದೆ, ಸರಕು ಹೊತ್ತ ಹಡಗಿನಲ್ಲಿ ಸತ್ತವರ ಸಂಖ್ಯೆಯೂ ದೊಡ್ಡದು. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 3,400 ಲಸ್ಕರರು ಮಡಿದರು. 1,200 ಮಂದಿ ಸೆರೆಯಾದರು. ಎರಡನೆಯ ಮಹಾಯುದ್ಧದಲ್ಲಿ ಮಡಿದವರು ಸುಮಾರು 6,600.

1939ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟನ್ನಿನ ಬಂದರುಗಳಲ್ಲಿ ಭಾರತೀಯ ನಾವಿಕರು ಮುಷ್ಕರ ಹೂಡಿದರು. ಸಾವಿನ ಅಪಾಯ ಎಲ್ಲರಿಗೂ ಒಂದೇ ಆಗಿರುವಾಗ ಸಂಬಳದಲ್ಲಿ ಇಷ್ಟು ಅಂತರವೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ನೂರಾರು ಮಂದಿ ಜೈಲು ಸೇರಿದರು. ಕೊನೆಗೆ ಸಂಬಳವೂ ಯುದ್ಧಭತ್ಯೆಯೂ ಏರಿದವು. ಆದರೂ ಸಮಾನತೆ ಬರಲಿಲ್ಲ.

1940ರ ಸೆಪ್ಟೆಂಬರ್ 17ರಂದು ಮಕ್ಕಳನ್ನು ಕೆನಡಾಕ್ಕೆ ಒಯ್ಯುತ್ತಿದ್ದ ಎಲ್ಲರ್ಮನ್ ಕಂಪನಿಯ ‘ಸಿಟಿ ಆಫ್ ಬನಾರಸ್’ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಮುಳುಗಿತು. ಅದರ ಒಂದು ಜೀವರಕ್ಷಕ ದೋಣಿ 46 ಮಂದಿಯನ್ನು ಹೊತ್ತು ಎಂಟು ದಿನ ತೇಲಿತು. ಅದರಲ್ಲಿದ್ದವರ ಪೈಕಿ ಹೆಚ್ಚಿನವರು ಲಸ್ಕರರು. ಉಷ್ಣದೇಶದ ಉಡುಪಿನಲ್ಲಿದ್ದ ಅವರ ಅನೇಕ ಸಂಗಡಿಗರು ಬೇರೆ ದೋಣಿಗಳಲ್ಲಿ ಚಳಿಗೆ ಬಲಿಯಾಗಿದ್ದರು. 1942ರ ನವೆಂಬರ್ 23ರಂದು ಮುಂಬಯಿಯಿಂದ ಪೂರ್ವ ಆಫ್ರಿಕಕ್ಕೆ ಹೊರಟಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ‘ತಿಲಾವಾ’ ಹಡಗನ್ನು ಜಪಾನಿನ ಜಲಾಂತರ್ಗಾಮಿ ಅರಬ್ಬೀ ಸಮುದ್ರದಲ್ಲಿ ಮುಳುಗಿಸಿತು. 280 ಜನ ಸತ್ತರು. ಒಂದೇ ಊರಿನ ಹತ್ತಾರು ಮಂದಿ ಒಂದೇ ಹಡಗಿನಲ್ಲಿರುತ್ತಿದ್ದ ಕಾರಣ, ಹಡಗೊಂದು ಮುಳುಗಿದರೆ ಹಲವು ಮನೆಗಳ ದೀಪ ಏಕಕಾಲಕ್ಕೆ ಆರುತ್ತಿತ್ತು.

ಕಡಲಿನ ಈ ಅನಾಹುತದ ಪೆಟ್ಟು ಕೊಡಗಿನ ಕಣದವರೆಗೂ ಬಂದಿತು. ಯುರೋಪಿನ ಮಾರುಕಟ್ಟೆ ಮುಚ್ಚಿತು. ಹಡಗುಗಳೆಲ್ಲ ಯುದ್ಧಸಾಮಗ್ರಿಗೆ ಮೀಸಲಾದವು. ಕೊಳ್ಳುವವರಿಲ್ಲದೆ ಕಾಫಿಯ ಬೆಲೆ ಕುಸಿಯುವ ಸ್ಥಿತಿ ಬಂದಾಗ ಸರಕಾರವು 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 1942ರಲ್ಲಿ ಅದನ್ನು ಕಾಯಿದೆಯಾಗಿಸಿತು. ಬೆಳೆಗಾರರೆಲ್ಲರ ಕಾಫಿ ಒಂದೇ ಪೂಲ್‌ಗೆ ಸೇರಿ, ಮಂಡಳಿಯ ಮೂಲಕ ಮಾರಾಟವಾಗಿ, ಹಣ ಕಂತುಗಳಲ್ಲಿ ಕೈಸೇರುವ ಪದ್ಧತಿ ಹುಟ್ಟಿದ್ದು ಹೀಗೆ. ಅದು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡಿತು. ಕಾಫಿ ಮಂಡಳಿಯ ಪೂಲ್ ಪದ್ಧತಿಯನ್ನು ಹೊಗಳುವವರೂ ತೆಗಳುವವರೂ ಅದರ ಮೂಲವು ಹಡಗುಗಳು ನಿಂತುಹೋದದ್ದರಲ್ಲಿದೆ ಎಂಬುದನ್ನು ಮರೆಯಬಾರದು.

ಮತ್ತೆ ಗುಡ್ ಹೋಪ್ ಭೂಶಿರದ ಹಾದಿ

ಇದೆಲ್ಲ ಕಳೆದ ಶತಮಾನದ ಕತೆಯೆಂದು ತಳ್ಳಿಹಾಕುವಂತಿಲ್ಲ. ದೇಶದ ಕಾಫಿ ಉತ್ಪಾದನೆಯ ಸುಮಾರು ಮೂರನೆಯ ಒಂದು ಭಾಗ ಕೊಡಗಿನದು. ದೇಶದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ಅದರ ಮುಖ್ಯ ಗಿರಾಕಿಗಳು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿಗಳು ಆರಂಭವಾದಾಗ ಪ್ರಮುಖ ಹಡಗು ಕಂಪನಿಗಳು ಸುಯೆಜ್ ಮಾರ್ಗವನ್ನು ಬಿಟ್ಟು ಗುಡ್ ಹೋಪ್ ಭೂಶಿರವನ್ನು ಸುತ್ತತೊಡಗಿದವು. ಪ್ರಯಾಣ ಸುಮಾರು ಎರಡು ವಾರ ಹೆಚ್ಚಿತು. ಬಾಡಿಗೆ ಏರಿತು, ಕಂಟೇನರ್‌ಗಳ ಅಭಾವ ಉಂಟಾಯಿತು, ರಫ್ತುದಾರನ ಬಂಡವಾಳ ಹೆಚ್ಚು ದಿನ ಸಮುದ್ರದ ಮೇಲೆ ಸಿಲುಕಿತು. ಈ ನಷ್ಟದ ಬಗ್ಗೆ ವಾಣಿಜ್ಯ ವಲಯದಲ್ಲಿ ಸಾಕಷ್ಟು ಚರ್ಚೆಯಾಯಿತು.

ಚರ್ಚೆಗೆ ಬಾರದ ನಷ್ಟವೂ ಒಂದಿತ್ತು. 2024ರ ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಎಂಬ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಉಳಿದವರಲ್ಲಿ ಒಬ್ಬ ಭಾರತೀಯನೂ ಸೇರಿದಂತೆ 21 ಮಂದಿಯನ್ನು ನಮ್ಮ ನೌಕಾಪಡೆಯ ‘ಕೋಲ್ಕತ್ತ’ ಯುದ್ಧನೌಕೆ ಪಾರುಮಾಡಿತು. ಅದಕ್ಕೂ ಮುನ್ನ, 2020ರ ಕೋವಿಡ್ ಕಾಲದಲ್ಲಿ, ಕರಾರಿನ ಅವಧಿ ಮುಗಿದರೂ ಊರಿಗೆ ಮರಳಲಾಗದೆ ಹಡಗುಗಳಲ್ಲೇ ಉಳಿದ ನಾವಿಕರ ಸಂಖ್ಯೆ ಜಗತ್ತಿನಾದ್ಯಂತ ಸುಮಾರು ನಾಲ್ಕು ಲಕ್ಷವನ್ನು ತಲಪಿತ್ತು. ನಾವೆಲ್ಲ ಮನೆಯೊಳಗಿದ್ದ ಆ ತಿಂಗಳುಗಳಲ್ಲಿ ಸರಕು ಸಾಗಣೆ ಪೂರ್ತಿ ನಿಲ್ಲದಿದ್ದುದು ಅವರ ದುಡಿಮೆಯಿಂದ.

36 ಘನ ಅಡಿಯ ಕಾಲ ಈಗಿಲ್ಲ. ನಾವಿಕರ ಕೆಲಸದ ಅವಧಿ, ವಸತಿ, ಆಹಾರ, ಸಂಬಳ, ಊರಿಗೆ ಮರಳುವ ಹಕ್ಕು ಇವೆಲ್ಲವನ್ನೂ ಒಳಗೊಂಡ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು 2013ರಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದನ್ನು ಕಾನೂನು ನಿಷೇಧಿಸಿದೆ. ಆದರೂ ಹಳೆಯ ದಲ್ಲಾಳಿಯ ಸಂತತಿ ಅಳಿದಿಲ್ಲ. ಹಡಗಿನ ಕೆಲಸದ ಆಸೆ ತೋರಿಸಿ ಲಕ್ಷಗಟ್ಟಲೆ ಹಣ ಕೀಳುವವರು ಇಂದಿಗೂ ಇದ್ದಾರೆ.

ವರ್ತಕ ಬಂಧುಗಳು ಮಾಡಬಹುದಾದದ್ದು

ವ್ಯಾಪಾರಿಯ ಮಟ್ಟದಲ್ಲಿ ಏನು ಸಾಧ್ಯವೆಂಬ ಪ್ರಶ್ನೆ ಸಹಜ. ಮೊದಲನೆಯದಾಗಿ, ಹಡಗು ಕಂಪನಿಯನ್ನು ಆಯ್ಕೆಮಾಡುವಾಗ ಬಾಡಿಗೆಯ ದರದೊಡನೆ ಅದರ ಹಡಗುಗಳ ಸುರಕ್ಷತೆಯ ದಾಖಲೆಯನ್ನೂ ವಿಚಾರಿಸುವ ರೂಢಿ ಒಳ್ಳೆಯದು. ನಾವಿಕರಿಗೆ ಸಂಬಳ ಕೊಡದೆ ಹಡಗನ್ನೇ ಕೈಬಿಡುವ ಮಾಲೀಕರ ಹಡಗು ಬಂದರಿನಲ್ಲಿ ಜಪ್ತಿಯಾದರೆ, ಅದರೊಡನೆ ಸರಕೂ ಸಿಕ್ಕಿಬೀಳುತ್ತದೆ. ನಾವಿಕನ ಹಿತವೂ ರಫ್ತುದಾರನ ಹಿತವೂ ಇಲ್ಲಿ ಒಂದೇ.

ಎರಡನೆಯದಾಗಿ, ತಮ್ಮ ಊರಿನ ಯುವಕರು ಹಡಗಿನ ಕೆಲಸಕ್ಕೆ ಹೊರಟಾಗ ಅವರಿಗೆ ಸರಿಯಾದ ತಿಳಿವಳಿಕೆ ಕೊಡಬೇಕು. ನೇಮಕಾತಿ ಸಂಸ್ಥೆಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ, ತರಬೇತಿ ಕೇಂದ್ರಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಹೆಜ್ಜೆ ಇಡುವುದು ಲೇಸು. ಪತ್ರ ವ್ಯವಹಾರ ಬಲ್ಲ ವರ್ತಕನ ಒಂದು ಸಲಹೆ ಒಂದು ಕುಟುಂಬವನ್ನು ಸಾಲದಿಂದ ಉಳಿಸಬಲ್ಲದು.

ಮೂರನೆಯದಾಗಿ, ಹಳೆಯ ಅಂಗಡಿ, ಮಂಡಿ, ತೋಟದ ಕಚೇರಿಗಳಲ್ಲಿ ಹಡಗು ರಸೀದಿಗಳು, ಏಜೆಂಟರ ಪತ್ರಗಳು, ಬಂದರಿನ ಛಾಯಾಚಿತ್ರಗಳು ಇನ್ನೂ ಉಳಿದಿರಬಹುದು. ರದ್ದಿಗೆ ಹಾಕುವ ಮುನ್ನ ಅವನ್ನು ಒಮ್ಮೆ ಬಿಡಿಸಿ ನೋಡಿ, ಹಡಗಿನ ಹೆಸರು ಮತ್ತು ತಾರೀಖನ್ನು ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ ನಾವಿಕರ ಹೆಸರುಗಳನ್ನು ಬರೆದ ನೋಂದಣಿ ಪುಸ್ತಕದ ಒಂದು ಪ್ರತಿ ಮುಂಬಯಿಯ ಮಸ್ಜಿದ್ ಬಂದರ್ ಬಳಿಯ ನಾವಿಕರ ಗೃಹದಲ್ಲಿಯೂ, ಇನ್ನೊಂದು ಬಾಂಗ್ಲಾದೇಶದ ಚಟ್ಟಗ್ರಾಮದ ಯುದ್ಧ ಸ್ಮಶಾನದಲ್ಲಿಯೂ ಇವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರಜಾಲ ತಾಣದಲ್ಲಿಯೂ ಈ ಹೆಸರುಗಳನ್ನು ಶುಲ್ಕವಿಲ್ಲದೆ ಹುಡುಕಬಹುದು. ವ್ಯಾಪಾರದ ನಿಮಿತ್ತ ಮುಂಬಯಿಗೆ ಹೋಗುವ ಕೊಡಗಿನ ವರ್ತಕರು ಬಿಡುವು ಮಾಡಿಕೊಂಡು ಆ ಪುಸ್ತಕವನ್ನು ಒಮ್ಮೆ ನೋಡಿ ಬರುವುದು ಉಚಿತ.